ಹೊಟ್ಟೆಯೊಳಗಿನ ಹೊಲ ಮತ್ತು ಪ್ಲಾಸ್ಟಿಕ್ ಕಳೆ



ಹೊಲದಲ್ಲಿ ಕಳೆ ಕಂಡರೆ ತಾವು ಸುಮ್ಮನೆ ಕೂಡುವವರಲ್ಲ. ಎಡೆ ಹೊಡೆಯುತ್ತೀರಿ, ಆಳು ಹಚ್ಚಿ ತೆಗೆಸುತ್ತೀರಿ, ಬದುವಿನ ಮೇಲೆ ಬೀಜ ಉದುರುವ ಮೊದಲೇ ಕಿತ್ತು ಹಾಕುತ್ತೀರಿ. ಆದರೆ ಬರಿಗಣ್ಣಿಗೆ ಕಾಣದ ಒಂದು ಕಳೆ ಈಗ ನಮ್ಮೆಲ್ಲರ ಹೊಟ್ಟೆಯನ್ನು ಸೇರುತ್ತಿದೆ. ಅದು ಪ್ಲಾಸ್ಟಿಕ್ಕಿನ ಸಣ್ಣ ಚೂರು. ಅದು ಚಹಾದ ಕಪ್ಪಿನಿಂದ, ಬಾಟಲಿಯ ನೀರಿನಿಂದ, ಉಪ್ಪಿನಿಂದ ಮತ್ತು ಗಾಳಿಯ ಧೂಳಿನಿಂದ ಬರುತ್ತದೆ. ಪೇಟೆಯವರನ್ನು ಬಿಟ್ಟು ಹಳ್ಳಿಯವರಿಗೆ ಇದರಿಂದ ವಿನಾಯಿತಿ ಇದೆಯೆಂದು ಯಾರೂ ತಿಳಿಯಬಾರದು.

ಇದರ ಜೊತೆಗೆ ಇನ್ನೊಂದು ಸುದ್ದಿಯೂ ಹಬ್ಬುತ್ತಿದೆ. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಈ ಚೂರುಗಳನ್ನು ಅಂಟಿಸಿಕೊಂಡು ಮಲದೊಂದಿಗೆ ಹೊರಗೆ ಹಾಕಬಲ್ಲವು ಎಂಬುದು ಆ ಸುದ್ದಿ. ಇದು ಸುಳ್ಳಲ್ಲ, ಆದರೆ ಪೂರ್ತಿ ಬೆಳೆದ ಬೆಳೆಯೂ ಅಲ್ಲ. ಇದನ್ನು ನಂಬಿ ಯಾವುದೋ ಪುಡಿ, ಯಾವುದೋ ಗುಳಿಗೆ ಕೊಳ್ಳಲು ಹೊರಡುವುದು ಅವಸರವಾದೀತು. ಇದನ್ನು ಕೇಳಿ ನಕ್ಕು ಬಿಟ್ಟರೂ ನಷ್ಟ ನಮಗೇ. ಪ್ಲಾಸ್ಟಿಕ್ ಹೊಟ್ಟೆಗೆ ಹೋಗುವ ದಾರಿಯನ್ನು ಮೊದಲು ಕಟ್ಟಬೇಕು, ಕರುಳಿನ ಸೂಕ್ಷ್ಮಜೀವಿಗಳನ್ನು ಎರಡನೆಯ ಬದುವೆಂದು ಕಾಪಾಡಬೇಕು ಮತ್ತು ಈ ಎರಡೂ ಕೆಲಸಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ನಮ್ಮ ಮನೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ಕೊಟ್ಟಿದ್ದೇನೆ. ಓದಿ ತಾವೇ ತೂಗಿ ನೋಡಿರಿ.

ಚೂರು ಎಷ್ಟು ಸಣ್ಣದು?

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರಿಗೆ ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. ಅಂದರೆ ಕಡಲೆಕಾಳಿಗಿಂತ ಸಣ್ಣದೆಲ್ಲವೂ ಇದರಲ್ಲಿ ಬಂತು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಒಂದು ಮೈಕ್ರಾನಿಗಿಂತಲೂ ಸಣ್ಣ ಚೂರುಗಳಿವೆ. ಅವಕ್ಕೆ ನ್ಯಾನೊ ಪ್ಲಾಸ್ಟಿಕ್ ಎನ್ನುತ್ತಾರೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಮ್ಸನ್ ಅವರು 2004ರಲ್ಲಿ ಸಮುದ್ರದ ಮರಳಿನಲ್ಲಿ ಇಂಥ ಚೂರುಗಳನ್ನು ತೋರಿಸಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು.

ಅಲ್ಲಿಂದ ಮುಂದೆ ಹುಡುಕಿದಲ್ಲೆಲ್ಲ ಇದು ಸಿಕ್ಕಿದೆ. 2019ರಲ್ಲಿ ಆಸ್ಟ್ರಿಯಾದ ವಿಜ್ಞಾನಿಗಳು ಎಂಟು ದೇಶಗಳ ಎಂಟು ಜನರ ಮಲವನ್ನು ಪರೀಕ್ಷಿಸಿ ಎಂಟರಲ್ಲಿಯೂ ಪ್ಲಾಸ್ಟಿಕ್ ಕಂಡರು. 2022ರಲ್ಲಿ ನೆದರ್ಲೆಂಡಿನಲ್ಲಿ 22 ಜನರ ರಕ್ತ ನೋಡಲಾಗಿ 17 ಜನರ ರಕ್ತದಲ್ಲಿ ಅದು ಇತ್ತು. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬಿನ ಪದರನ್ನು ತೆಗೆದು ಪರೀಕ್ಷಿಸಿದರು. ಆ ಪದರಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಸಂಭವಿಸಿದ್ದು ಇಲ್ಲದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಪ್ಲಾಸ್ಟಿಕ್ಕೇ ಇದಕ್ಕೆ ಕಾರಣವೆಂದು ಆ ಅಭ್ಯಾಸ ಹೇಳುವುದಿಲ್ಲ, ಎರಡೂ ಜೊತೆಯಲ್ಲಿ ಕಂಡವು ಎಂದಷ್ಟೇ ಹೇಳುತ್ತದೆ. ಆದರೂ ಎಚ್ಚರಗೊಳ್ಳಲು ಇಷ್ಟು ಸಾಕು.

ನಮ್ಮ ದೇಶದ ಮಾತಿಗೆ ಬಂದರೆ, 2024ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಎಂಬ ಸಂಸ್ಥೆ ಹತ್ತು ಬಗೆಯ ಉಪ್ಪು ಮತ್ತು ಐದು ಬಗೆಯ ಸಕ್ಕರೆಯನ್ನು ಪರೀಕ್ಷೆಗೆ ಹಚ್ಚಿತು. ಎಲ್ಲದರಲ್ಲಿಯೂ ಚೂರುಗಳು ಸಿಕ್ಕವು. ಉಪ್ಪಿನಲ್ಲಿ ಕಿಲೋಗೆ ಸುಮಾರು 7ರಿಂದ 89ರವರೆಗೆ, ಸಕ್ಕರೆಯಲ್ಲಿ ಸುಮಾರು 12ರಿಂದ 68ರವರೆಗೆ ಇದ್ದವು.

ಇಲ್ಲಿ ಸಮಾಧಾನದ ಮಾತೂ ಒಂದಿದೆ. 150 ಮೈಕ್ರಾನಿಗಿಂತ ದೊಡ್ಡ ಚೂರುಗಳು ಕರುಳಿನ ಗೋಡೆ ದಾಟದೆ ಮಲದೊಂದಿಗೆ ಹೊರಗೆ ಹೋಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಭಿಪ್ರಾಯಪಟ್ಟಿದೆ. ಒಳಗೆ ನುಸುಳುವ ಭಯವಿರುವುದು ತೀರ ಸಣ್ಣ ಚೂರುಗಳದ್ದು. ಆದ್ದರಿಂದ ಅಂಥವು ಹುಟ್ಟುವ ಜಾಗ ಯಾವುದೆಂದು ತಿಳಿಯುವುದು ಅವಶ್ಯ.

ಜಕ್ಕಲಿಯ ಎರೆ ಭೂಮಿಗೂ ಇದಕ್ಕೂ ಏನು ಸಂಬಂಧ?

ರೋಣ ತಾಲೂಕಿನ ಜಕ್ಕಲಿ, ಏಕೀಕರಣಕ್ಕಾಗಿ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು. ನರೇಗಲ್ಲ, ಅಬ್ಬಿಗೇರಿ, ಜಕ್ಕಲಿ ಈ ಭಾಗವೆಲ್ಲ ಕಪ್ಪು ಎರೆ ಭೂಮಿ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಗೋದಿ. ಇಲ್ಲಿಯ ರೈತನಿಗೆ ಪ್ಲಾಸ್ಟಿಕ್ ಹೊಸಬನೂ ಅಲ್ಲ, ವೈರಿಯೂ ಅಲ್ಲ. ರಾಶಿಯ ಮೇಲೆ ಮಳೆ ಬಂದರೆ ತಾಡಪಾಲೇ ಗತಿ. ಹನಿ ನೀರಾವರಿಯ ಕೊಳವೆ ನೀರು ಉಳಿಸಿದೆ. ಈ ಉಪಕಾರವನ್ನು ಮರೆತು ಪ್ಲಾಸ್ಟಿಕ್ಕನ್ನು ಬೈಯುವುದು ನ್ಯಾಯವಲ್ಲ.

ತಕರಾರು ಇರುವುದು ಅದರ ಕೊನೆಗಾಲದ ಬಗ್ಗೆ. ಹೆಣೆದ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಬಿದ್ದು ಒಂದೆರಡು ವರ್ಷ ಕಳೆದರೆ ಮುಟ್ಟಿದಲ್ಲಿ ಎಳೆ ಎಳೆಯಾಗಿ ಉದುರುತ್ತದೆ. ಹಳೆಯ ತಾಡಪಾಲು ಪುಡಿಪುಡಿಯಾಗುತ್ತದೆ. ಮೆಣಸಿನಕಾಯಿಗೆ ಹಾಸಿದ ತೆಳು ಹಾಳೆ ಹರಿದು ಕುಂಟೆಗೆ ಸಿಕ್ಕು ಚೂರಾಗುತ್ತದೆ. ಇವು ಕೊಳೆತು ಮಣ್ಣಾಗುವುದಿಲ್ಲ, ಸಣ್ಣದಾಗುತ್ತ ಹೋಗುತ್ತವೆ ಅಷ್ಟೆ.

ಎರೆ ಭೂಮಿಯ ಗುಣ ತಮಗೆ ಗೊತ್ತಿರುವುದೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲಿನ ಮಣ್ಣು ಬಿರುಕಿನಲ್ಲಿ ಬಿದ್ದು ಒಳಗಿನದು ಮೇಲೇಳುವ ಈ ಕ್ರಿಯೆ ನೆಲಕ್ಕೆ ನೇಗಿಲೇ ಇಲ್ಲದ ನೇಗಿಲು. ಆದರೆ ಮೇಲೆ ಬಿದ್ದ ಪ್ಲಾಸ್ಟಿಕ್ ಚೂರಿಗೂ ಅದೇ ದಾರಿ. ಒಮ್ಮೆ ಬಿರುಕಿನಲ್ಲಿ ಇಳಿದ ಚೂರನ್ನು ಯಾವ ಆಳು ಆರಿಸಿ ತೆಗೆದಾನು? ಚೀನಾದ ವಿಜ್ಞಾನಿಗಳು 2020ರಲ್ಲಿ ಗೋದಿಯ ಬೇರಿನ ಎಳೆಯ ಬಿರುಕುಗಳ ಮೂಲಕ ಸೂಕ್ಷ್ಮ ಪ್ಲಾಸ್ಟಿಕ್ ಗಿಡದೊಳಗೆ ಹೋಗಬಲ್ಲದೆಂದು ತೋರಿಸಿದ್ದಾರೆ. ನೆಲಕ್ಕೆ ಕೊಟ್ಟದ್ದು ನಮಗೇ ತಿರುಗಿ ಬರುವ ದಾರಿ ಇದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊಟ್ಟೆಯೂ ಒಂದು ಹೊಲ

ಇನ್ನು ಕರುಳಿನ ವಿಚಾರ. ನಮ್ಮ ದೊಡ್ಡ ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಒಬ್ಬ ಮನುಷ್ಯನ ದೇಹದಲ್ಲಿ ಅವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಲೆಕ್ಕ ಹಾಕಲಾಗಿದೆ. ಅವೆಲ್ಲವುಗಳ ತೂಕ ಸುಮಾರು 200 ಗ್ರಾಂ ಮಾತ್ರ. ನಾವು ಜೀರ್ಣಿಸಲಾರದ ನಾರನ್ನು ಇವು ತಿಂದು ನಮಗೆ ಉಪಯುಕ್ತವಾದ ಆಮ್ಲಗಳನ್ನು ತಯಾರಿಸಿ ಕೊಡುತ್ತವೆ. ಆ ಆಮ್ಲಗಳೇ ಕರುಳಿನ ಒಳಪದರಿನ ಜೀವಕೋಶಗಳಿಗೆ ಆಹಾರ. ದನದ ಹೊಟ್ಟೆಯಲ್ಲಿ ಕಣಿಕೆ ಕರಗಿ ಹಾಲಾಗುವ ಕ್ರಿಯೆಯನ್ನು ಬಲ್ಲ ತಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕರುಳಿನ ಒಳಗೋಡೆಯ ಮೇಲೆ ಲೋಳೆಯ ಒಂದು ಪದರವಿದೆ. ಇದು ಹೊಲಕ್ಕೆ ಬದು ಇದ್ದ ಹಾಗೆ. ಬೇಡದ್ದು ಒಳಗೆ ನುಗ್ಗದಂತೆ ತಡೆಯುವುದೇ ಇದರ ಕೆಲಸ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ, ಹಸಿದ ಬ್ಯಾಕ್ಟೀರಿಯಾಗಳು ಈ ಲೋಳೆಯ ಪದರನ್ನೇ ತಿನ್ನತೊಡಗಿದವು. ಮೇವಿಲ್ಲದ ದನ ಬದುವಿನ ಗಿಡಕ್ಕೆ ಬಾಯಿ ಹಾಕಿದಂತೆ. ಮತ್ತೆ 2018ರ ಇನ್ನೊಂದು ಪ್ರಯೋಗದಲ್ಲಿ, ಪ್ಲಾಸ್ಟಿಕ್ ಕಣ ಬೆರೆತ ನೀರು ಕುಡಿದ ಇಲಿಗಳಲ್ಲಿ ಲೋಳೆ ಒಸರುವುದು ಕಡಿಮೆಯಾಯಿತು, ಬ್ಯಾಕ್ಟೀರಿಯಾಗಳ ಹೊಂದಾಣಿಕೆಯೂ ಕೆಟ್ಟಿತು. ಈ ಎರಡನ್ನೂ ಕೂಡಿಸಿ ನೋಡಿರಿ. ನಾರು ಕಡಿಮೆಯಾದರೆ ಒಂದು ಕಡೆಯಿಂದ, ಪ್ಲಾಸ್ಟಿಕ್ ಹೆಚ್ಚಾದರೆ ಇನ್ನೊಂದು ಕಡೆಯಿಂದ ಬದು ಒಡೆಯುತ್ತದೆ. ಇಂದಿನ ಪೊಟ್ಟಣದ ತಿಂಡಿಯಲ್ಲಿ ಎರಡೂ ದೋಷ ಒಟ್ಟಿಗೇ ಇವೆ. ಅದರಲ್ಲಿ ನಾರು ಬಹಳ ಕಡಿಮೆ, ಹೊದಿಕೆಯೋ ಪ್ಲಾಸ್ಟಿಕ್.

ಪ್ರಯೋಗಶಾಲೆಯಿಂದ ಬಂದ ಸುದ್ದಿ

ಹುಳಿಯಾದ ಹಾಲಿನ ಬ್ಯಾಕ್ಟೀರಿಯಾ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಹೊಸದಲ್ಲ. ರಷ್ಯದ ವಿಜ್ಞಾನಿ ಮೆಚ್ನಿಕಾಫ್ ನೂರು ವರ್ಷಗಳ ಹಿಂದೆಯೇ ಇದನ್ನು ಪ್ರಚಾರ ಮಾಡಿದ್ದರು. ನಮ್ಮ ಅಜ್ಜಿಯರು ಅದಕ್ಕೂ ಮೊದಲೇ ಗಡಿಗೆಯಲ್ಲಿ ಹೆಪ್ಪು ಹಾಕುತ್ತಿದ್ದರು. ಹೊಸದೇನೆಂದರೆ ಪ್ಲಾಸ್ಟಿಕ್ಕಿನ ಜೊತೆ ಇವುಗಳ ವರ್ತನೆ.

ಚೀನಾದ ಸಂಶೋಧಕರು 784 ಬ್ಯಾಕ್ಟೀರಿಯಾ ತಳಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ಲಾಸ್ಟಿಕ್ ಕಣಗಳನ್ನು ಮೈಗೆ ಅಂಟಿಸಿಕೊಳ್ಳುವ ಎರಡು ತಳಿಗಳನ್ನು ಆರಿಸಿದರು. ಎರಡೂ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು, ಅಂದರೆ ಮೊಸರಿನ ಬ್ಯಾಕ್ಟೀರಿಯಾಗಳ ಸಂಬಂಧಿಕರು. 2025ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಇವನ್ನು ತಿಂದ ಇಲಿಗಳಲ್ಲಿ ಪ್ಲಾಸ್ಟಿಕ್ ಹೊರಗೆ ಹೋಗುವ ಪ್ರಮಾಣ ನೂರಕ್ಕೆ 34ರಷ್ಟು ಹೆಚ್ಚಿತು, ಕರುಳಿನಲ್ಲಿ ಉಳಿದ ಪ್ಲಾಸ್ಟಿಕ್ ನೂರಕ್ಕೆ 67ರಷ್ಟು ಕಡಿಮೆಯಾಯಿತು. ದಕ್ಷಿಣ ಕೊರಿಯಾದ ವಿಶ್ವ ಕಿಮ್ಚಿ ಸಂಸ್ಥೆಯವರು ಹುಳಿ ಬಂದ ಎಲೆಕೋಸಿನಿಂದ ತೆಗೆದ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದಲ್ಲಿ ಇಂಥದೇ ಗುಣ ಕಂಡಿದ್ದಾರೆ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾವೂ ಇದೇ ಕುಲದ್ದು.

ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಲಿ. ಈ ಬ್ಯಾಕ್ಟೀರಿಯಾಗಳು ಪ್ಲಾಸ್ಟಿಕ್ಕನ್ನು ಜೀರ್ಣಿಸುವುದಿಲ್ಲ. ಮೈಗೆ ಅಂಟಿಸಿಕೊಂಡು ಬಾಗಿಲಿನವರೆಗೆ ಸಾಗಿಸುತ್ತವೆ, ಅಷ್ಟೆ. ಈಗಾಗಲೇ ರಕ್ತಕ್ಕೆ ಸೇರಿದ ಚೂರಿನ ಬೆನ್ನು ಹತ್ತಿ ಹೋಗುವ ಶಕ್ತಿ ಇವಕ್ಕಿಲ್ಲ.

ಪ್ಲಾಸ್ಟಿಕ್ ಕರಗಿಸುವ ಸೂಕ್ಷ್ಮಜೀವಿಗಳು ಇಲ್ಲವೆಂದಲ್ಲ. 2021ರಲ್ಲಿ ಆಸ್ಟ್ರಿಯಾದಲ್ಲಿ ದನದ ಹೊಟ್ಟೆಯ ರಸದಿಂದ ಕೆಲವು ಜಾತಿಯ ಪ್ಲಾಸ್ಟಿಕ್ ಒಡೆಯುತ್ತದೆಂದು ತೋರಿಸಿದರು. ಅವು ಪಾಲಿಯೆಸ್ಟರ್ ಜಾತಿಯವು. ಕೈಚೀಲದ ಪಾಲಿಥೀನ್ ಅದಲ್ಲ. ಆದ್ದರಿಂದ ತಿಪ್ಪೆಯಲ್ಲಿ ಕೈಚೀಲ ನುಂಗಿದ ಆಕಳು ಅದನ್ನು ಕರಗಿಸಿಕೊಳ್ಳುತ್ತದೆಂದು ಯಾರೂ ಭ್ರಮಿಸಬಾರದು. ಅದು ಹೊಟ್ಟೆಯಲ್ಲೇ ಗಂಟಾಗಿ ದನ ಮೇವು ಬಿಟ್ಟು ಸೊರಗುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯುವ ಪ್ಲಾಸ್ಟಿಕ್ ಗಂಟುಗಳೇ ಇದಕ್ಕೆ ಸಾಕ್ಷಿ.

ತಳಿ ತಿಳಿಯದೆ ಬೀಜ ಕೊಳ್ಳಬೇಡಿರಿ

ಈಗ ಎಚ್ಚರಿಕೆಯ ಮಾತು. ಕಡಲೆ ಬೀಜಕ್ಕೆ ರೈಜೋಬಿಯಂ ಲೇಪಿಸುವ ಪದ್ಧತಿ ತಮಗೆ ಗೊತ್ತಿದೆ. ಕಡಲೆಯ ರೈಜೋಬಿಯಂ ಹೆಸರಿಗೆ ನಡೆಯುವುದಿಲ್ಲ, ಹೆಸರಿನದು ಕಡಲೆಯಲ್ಲಿ ಗಂಟು ಕಟ್ಟುವುದಿಲ್ಲ. ಪೊಟ್ಟಣದ ಮೇಲೆ ಬೆಳೆಯ ಹೆಸರು, ಅವಧಿ ನೋಡಿ ಕೊಳ್ಳಬೇಕೆಂದು ವಿಸ್ತರಣಾ ಕಾರ್ಯಕರ್ತರು ಹೇಳುತ್ತಲೇ ಬಂದಿದ್ದಾರೆ. ಕರುಳಿನ ಬ್ಯಾಕ್ಟೀರಿಯಾಗಳ ವಿಷಯವೂ ಹೀಗೆಯೇ. 784 ತಳಿಗಳಲ್ಲಿ ಎರಡನ್ನು ಆರಿಸಿದರು ಎಂದರೆ, ಗುಣ ಇರುವುದು ತಳಿಯಲ್ಲಿ, ಕುಲದಲ್ಲಲ್ಲ ಎಂದಾಯಿತು. ಇಲಿಯಲ್ಲಿ ಫಲ ಕೊಟ್ಟದ್ದು ಮನುಷ್ಯನಲ್ಲಿ ಅಷ್ಟೇ ಫಲ ಕೊಟ್ಟೀತೆಂಬ ಭರವಸೆ ಇಲ್ಲ. ಪ್ರಯೋಗದ ಇಲಿಗೆ ಒಂದೇ ಜಾತಿಯ ಒಂದೇ ಅಳತೆಯ ಕಣ ಕೊಟ್ಟಿದ್ದರು. ನಮ್ಮ ಹೊಟ್ಟೆಗೆ ಹೋಗುವುದು ಹತ್ತು ಜಾತಿಯ ಸಾವಿರ ಅಳತೆಯ ಚೂರು.

ಆದ್ದರಿಂದ ನಾಳೆ ಯಾರಾದರೂ ಸಂತೆಗೆ ಬಂದು, ಈ ಪುಡಿ ತಿಂದರೆ ಮೈಯ ಪ್ಲಾಸ್ಟಿಕ್ಕೆಲ್ಲ ತೊಳೆದು ಹೋಗುತ್ತದೆ ಎಂದರೆ, ಯಾವ ತಳಿ, ಮನುಷ್ಯರ ಮೇಲೆ ಎಲ್ಲಿ ಪರೀಕ್ಷೆಯಾಗಿದೆ, ಎಷ್ಟು ಜನರ ಮೇಲೆ ಎಂದು ಮೂರು ಪ್ರಶ್ನೆ ಕೇಳಿರಿ. ಉತ್ತರ ಬಾರದಿದ್ದರೆ ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಳ್ಳಿರಿ. ನಕಲಿ ಬೀಜದ ಪೆಟ್ಟು ತಿಂದ ರೈತನಿಗೆ ಈ ಬುದ್ಧಿ ಹೇಳಬೇಕಾಗಿಲ್ಲ.

ಜೋಳ, ಕಡಲೆ, ಮಜ್ಜಿಗೆ

ಹಾಗಾದರೆ ಕರುಳಿನ ವಿಜ್ಞಾನದಿಂದ ಇವತ್ತು ನಮಗೆ ದೊರೆಯುವ ಲಾಭವೇನು? ಹೊರಗಿನಿಂದ ಜೀವಾಣು ತಂದು ಹಾಕುವ ಮೊದಲು ಹೊಲದಲ್ಲಿ ಸಾವಯವ ಅಂಶ ಬೇಕೆಂಬುದು ಕೃಷಿಯ ಮೊದಲ ಪಾಠ. ಒಣಗಿದ ಬರಡು ನೆಲದಲ್ಲಿ ಯಾವ ಜೀವಾಣು ಗೊಬ್ಬರವೂ ಬದುಕದು. ಕರುಳಿಗೆ ನಾರೇ ಸಾವಯವ ಗೊಬ್ಬರ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ನೋಡಿರಿ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಸಜ್ಜೆಯಲ್ಲಿ ಹನ್ನೊಂದೂವರೆ ಗ್ರಾಂ, ಇಡೀ ಹೆಸರುಕಾಳಿನಲ್ಲಿ 17 ಗ್ರಾಂ, ಇಡೀ ಕಡಲೆಯಲ್ಲಿ 25 ಗ್ರಾಂ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಮೈದಾ ಹಿಟ್ಟಿನದೂ ಅದೇ ಗತಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಮತ್ತು 50 ಗ್ರಾಂ ಹೆಸರುಕಾಳಿನ ಪಲ್ಯ ತಿಂದವನಿಗೆ ಅಲ್ಲಿಯೇ 28 ಗ್ರಾಂ ದಾಟಿತು. ಮೇಲೆ ಒಂದು ಹಿಡಿ ಹಸಿ ಸೊಪ್ಪು, ಒಂದು ಗಜ್ಜರಿ, ಒಂದು ಚಮಚ ಅಗಸಿ ಚಟ್ನಿ ಇದ್ದರೆ ಲೆಕ್ಕ ತುಂಬಿತು. ಅದೇ 200 ಗ್ರಾಂ ಬಿಳಿ ಅನ್ನದ ಅಕ್ಕಿಯಲ್ಲಿ ಆರು ಗ್ರಾಂ ನಾರೂ ದೊರೆಯುವುದಿಲ್ಲ.

ಹೀಗಿರುವಾಗ ಜೋಳ ಬೆಳೆಯುವ ನಾಡಿನಲ್ಲಿಯೇ ರೊಟ್ಟಿಯ ಬುಟ್ಟಿ ಹಗುರಾಗುತ್ತಿರುವುದು ವಿಷಾದದ ಸಂಗತಿ. ರೊಟ್ಟಿ ಬಡಿಯುವ ಶ್ರಮ ಹೆಣ್ಣುಮಕ್ಕಳದ್ದೆಂಬುದನ್ನು ಮರೆಯದೆ ಈ ಮಾತು ಹೇಳುತ್ತಿದ್ದೇನೆ. ಗಂಡಸರು ಹೊಲದ ಕೆಲಸ ಮುಗಿಸಿ ಕಟ್ಟೆಗೆ ಹೋಗುವ ಬದಲು ನೀರು, ಉರುವಲು, ಗಿರಣಿಯ ಕೆಲಸ ನೋಡಿಕೊಂಡರೆ ಮನೆಯ ಒಲೆಯ ಮೇಲೆ ರೊಟ್ಟಿ ಉಳಿದೀತು. ಒಂದು ದಿನ ಕಟಿಯಾಗಿ ಬಡಿದಿಟ್ಟ ರೊಟ್ಟಿ ವಾರಗಟ್ಟಲೆ ಬರುತ್ತದೆಂಬುದೂ ನಮ್ಮ ಸೀಮೆಯವರಿಗೆ ತಿಳಿದದ್ದೇ.

ಮಜ್ಜಿಗೆ, ಹುಳಿ ಬಂದ ಅಂಬಲಿ ಇವುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಧಾರಾಳವಾಗಿವೆ. ಅವು ಪ್ಲಾಸ್ಟಿಕ್ ಹೊರಗೆ ಹಾಕುತ್ತವೆಂದು ನಾನು ವಾದಿಸುವುದಿಲ್ಲ. ಜೀರ್ಣಕ್ಕೆ ಒಳ್ಳೆಯದು, ಖರ್ಚಿಲ್ಲದ್ದು, ಸಂಶೋಧನೆಯೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತಿದೆ ಎಂದಷ್ಟೇ ಹೇಳುತ್ತೇನೆ. ಪ್ಲಾಸ್ಟಿಕ್ ವಿಷಯದಲ್ಲಿ ಫಲ ಬಂದರೆ ಅದು ಅಂತರ ಬೆಳೆಯ ಆದಾಯ. ಬಾರದಿದ್ದರೂ ಮುಖ್ಯ ಬೆಳೆ ಕೈಗೆ ಬಂದೇ ಬರುತ್ತದೆ.

ಬಾಗಿಲಲ್ಲೇ ತಡೆಯುವುದು

ಕಳೆ ತೆಗೆಯುವುದಕ್ಕಿಂತ ಕಳೆಬೀಜ ಬಾರದಂತೆ ನೋಡಿಕೊಳ್ಳುವುದು ಅಗ್ಗ. ಅದಕ್ಕೆ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಚಹಾದ ಕಪ್ಪು: ಕಾಗದದ ಕಪ್ಪಿನ ಒಳಗೆ ನೀರು ಇಂಗದಿರಲೆಂದು ತೆಳುವಾದ ಪ್ಲಾಸ್ಟಿಕ್ ಪದರು ಇರುತ್ತದೆ. 2021ರಲ್ಲಿ ಖರಗಪುರದ ಐ.ಐ.ಟಿ. ಸಂಶೋಧಕರು ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ನೀರು ಹಾಕಿ 15 ನಿಮಿಷ ಇಟ್ಟರು. ಸುಮಾರು 25,000 ಚೂರುಗಳು ನೀರಿಗೆ ಇಳಿದವು. ದಿನಕ್ಕೆ ಮೂರು ಕಪ್ಪು ಎಂದರೆ 75,000 ಆಯಿತು. ಹೊಲಕ್ಕೆ ಚಹಾ ಒಯ್ಯುವಾಗ ಸ್ಟೀಲಿನ ಕಿಟಲಿ, ಸ್ಟೀಲಿನ ಲೋಟ ಒಯ್ಯಿರಿ. ಹೋಟೆಲಿನಲ್ಲಿ ಗಾಜಿನ ಕಪ್ಪು ಕೇಳಿರಿ.

2. ಬಿಸಿ ಪದಾರ್ಥ: ಕುದಿಯುವ ಸಾರು, ಪಲ್ಯ, ಚಹಾ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುವ ರೂಢಿ ಬಿಡಬೇಕು. ಕಾವು ಹೆಚ್ಚಿದಷ್ಟೂ ಚೂರು ಹೆಚ್ಚು. ಪೇಟೆಗೆ ಹೋಗುವಾಗ ಒಂದು ಡಬ್ಬಿ ಜೊತೆಗಿರಲಿ.

3. ಕುಡಿಯುವ ನೀರು: ಮಣ್ಣಿನ ಹರವಿ, ತಾಮ್ರ ಅಥವಾ ಸ್ಟೀಲಿನ ಕೊಡ ಉತ್ತಮ. ಬಾಟಲಿಯ ನೀರೇ ಶುದ್ಧವೆಂಬ ಭ್ರಮೆ ಬೇಡ. 2018ರಲ್ಲಿ ಒಂಬತ್ತು ದೇಶಗಳಲ್ಲಿ ಕೊಂಡ 259 ಬಾಟಲಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 93ರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಸಿಕ್ಕಿತು. ಭಾರತದ ಬಾಟಲಿಗಳೂ ಅವುಗಳಲ್ಲಿದ್ದವು.

4. ನೀರು ಕುದಿಸುವುದು: 2024ರಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಸಂಶೋಧಕರು ಒಂದು ಉಪಯುಕ್ತ ಸಂಗತಿ ಕಂಡರು. ಗಡಸು ನೀರನ್ನು ಐದು ನಿಮಿಷ ಕುದಿಸಿದರೆ ಅದರ ಸುಣ್ಣದ ಅಂಶ ಗಟ್ಟಿಯಾಗುತ್ತ ಪ್ಲಾಸ್ಟಿಕ್ ಕಣಗಳನ್ನು ತನ್ನೊಳಗೆ ಹಿಡಿದುಕೊಂಡು ತಳಕ್ಕೆ ಕೂಡುತ್ತದೆ. ತಣಿದ ಮೇಲೆ ಸೋಸಿದರೆ ಬಹಳ ಗಡಸಾದ ನೀರಿನಲ್ಲಿ ನೂರಕ್ಕೆ 90ರವರೆಗೆ, ಮೆದು ನೀರಿನಲ್ಲಿ ನೂರಕ್ಕೆ 25ರಷ್ಟು ಕಣಗಳು ಕಡಿಮೆಯಾದವು. ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವ ಬೋರಿನ ನೀರು ನಮ್ಮ ಭಾಗದಲ್ಲಿ ಸಾಮಾನ್ಯ. ಕುದಿಸಿ, ತಣಿಸಿ, ತಳ ಕಲಕದಂತೆ ಬಟ್ಟೆಯಲ್ಲಿ ಬಸಿದುಕೊಳ್ಳಿರಿ, ತಳದ ನೀರು ಚೆಲ್ಲಿರಿ. ಆದರೆ ರೋಣ, ಗಜೇಂದ್ರಗಡ, ಮುಂಡರಗಿ ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆ ಇದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ತುಸು ದಟ್ಟವೇ ಆಗುತ್ತದೆ. ಫ್ಲೋರೈಡ್ ಹೆಚ್ಚಿರುವ ಬೋರಿನ ನೀರನ್ನು ಕುದಿಸಿದರೂ ಕುಡಿಯಲು ಬಳಸಬೇಡಿರಿ. ಪರೀಕ್ಷೆ ಮಾಡಿಸಿ, ಸುರಕ್ಷಿತವಾದ ನೀರನ್ನೇ ಕುದಿಸಿ ಕುಡಿಯಿರಿ.

5. ಕಾಳಿನ ಸಂಗ್ರಹ: ಮನೆಯ ಊಟದ ಜೋಳ, ಕಡಲೆ, ಬೇಳೆಗಳನ್ನು ಹಳೆಯ ಗೊಬ್ಬರದ ಚೀಲದಲ್ಲಿ ತುಂಬಲೇಬಾರದು. ಎಳೆ ಬಿಟ್ಟ ಚೀಲವನ್ನು ಯಾವ ಕಾಳಿಗೂ ಬಳಸಬಾರದು. ಗೋಣಿಚೀಲ, ತಗಡಿನ ಡಬ್ಬಿ, ಕಣಜಗಳು ಲೇಸು. ಪುಡಿಯಾಗುತ್ತಿರುವ ತಾಡಪಾಲಿನ ಮೇಲೆ ರಾಶಿ ಮಾಡಬೇಡಿರಿ.

6. ಹೊಲದ ಹಾಳೆ: ಹೊದಿಕೆ ಹಾಸುವುದಾದರೆ 25 ಮೈಕ್ರಾನ್ ಅಥವಾ ಅದಕ್ಕಿಂತ ದಪ್ಪದ ಹಾಳೆ ಹಾಸಿ, ಬೆಳೆ ಮುಗಿದ ಕೂಡಲೇ ಹರಿಯದಂತೆ ಸುತ್ತಿ ತೆಗೆಯಿರಿ. ಎರೆ ಬಿರಿಯುವ ಮೊದಲೇ ಈ ಕೆಲಸ ಮುಗಿಯಬೇಕು. ಪೇಟೆಯ ಕಸದ ಗೊಬ್ಬರ ಕೊಳ್ಳುವ ಮೊದಲು ಒಂದು ಬುಟ್ಟಿ ಜರಡಿ ಹಿಡಿದು ಪ್ಲಾಸ್ಟಿಕ್ ಇದೆಯೇ ನೋಡಿರಿ. ಕುರಿ ನಿಲ್ಲಿಸಿದ ಹೊಲಕ್ಕೆ ಈ ಚಿಂತೆ ಕಡಿಮೆ.

7. ಸುಡಬೇಡಿರಿ: ಬದುವಿನ ಮೇಲೆ ಕೊಳವೆ, ಚೀಲ ಸುಡುವುದು ಅಪಾಯಕರ. ಪಿ.ವಿ.ಸಿ. ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಅರೆಸುಟ್ಟ ಚೂರು ಗಾಳಿಗೆ ಹಾರಿ ಊರನ್ನೇ ಸೇರುತ್ತದೆ.

ಒಂದು ಆಕ್ಷೇಪಣೆ

ಮಳೆ ಕೈಕೊಟ್ಟು, ಉಳ್ಳಾಗಡ್ಡಿಯ ಧಾರಣೆ ಬಿದ್ದು, ಸಾಲದ ಬಡ್ಡಿ ಏರುತ್ತಿರುವಾಗ ಈ ಕಾಣದ ಚೂರಿನ ಚಿಂತೆ ಯಾರಿಗೆ ಬೇಕು ಎಂದು ತಾವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರವಿಷ್ಟೆ. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ. ಪ್ಲಾಸ್ಟಿಕ್ಕಿನ ಮಾತು ನಾಳೆ ಸುಳ್ಳೆಂದೇ ಸಾಬೀತಾದರೂ ರೊಟ್ಟಿ, ಕಾಳು ತಿಂದವನಿಗೆ ನಷ್ಟವಿಲ್ಲ, ಶುಚಿಯಾದ ನೀರು ಕುಡಿದವನಿಗೆ ನಷ್ಟವಿಲ್ಲ, ಹೊಲ ಸ್ವಚ್ಛವಿಟ್ಟವನಿಗೆ ನಷ್ಟವಿಲ್ಲ. ನಿಜವೆಂದು ಸಾಬೀತಾದರೆ ಮಾತ್ರ ಕಾಯುತ್ತ ಕುಳಿತವನಿಗೆ ನಷ್ಟ. ಅದರಲ್ಲೂ ಎರೆಯ ಬಿರುಕಿಗೆ ಇಳಿದ ಚೂರು ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವೇನು?

ಹೊಣೆ ರೈತನೊಬ್ಬನದೇ ಅಲ್ಲ

ಎಲ್ಲವನ್ನೂ ರೈತನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಕಪ್ಪುಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ಕೇಂದ್ರವು 2022ರ ಜುಲೈ 1ರಿಂದ ನಿಷೇಧಿಸಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮ ಪಂಚಾಯಿತಿಗೂ ಅನ್ವಯಿಸುತ್ತವೆ, ತಯಾರಕರ ಮೇಲೂ ಹೊಣೆ ಹೊರಿಸಿವೆ. ಆದರೆ ಹಳೆಯ ಹನಿ ಕೊಳವೆ, ಹರಿದ ಹಾಳೆಗಳನ್ನು ಹಳ್ಳಿಯಿಂದ ತಿರುಗಿ ಒಯ್ಯುವ ವ್ಯವಸ್ಥೆ ಊರ ಬಾಗಿಲಿಗೆ ಬರಬೇಕು. ಕೊಟ್ಟ ಅಂಗಡಿಯವನೇ ತಿರುಗಿ ಪಡೆಯಬೇಕೆಂದು ನಾವು ಕೇಳಬೇಕು.

ಗದಗ ಸೀಮೆಗೆ ಕೂಡಿ ಮಾಡುವ ಕೆಲಸ ಹೊಸದಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ನಾಡಿಗೇ ದಾರಿ ತೋರಿಸಿದರು. ಬೀಜ, ಗೊಬ್ಬರ ಹಂಚುವ ಸಹಕಾರ ಸಂಘವೇ ಬೇಸಿಗೆಯಲ್ಲಿ ಒಂದು ದಿನ ಗೊತ್ತುಮಾಡಿ ಹಳೆಯ ಚೀಲ, ಕೊಳವೆ, ಹಾಳೆಗಳನ್ನು ಕೂಡಿಸಿ ತೂಕಕ್ಕೆ ಹಾಕಿದರೆ ಸಂಘಕ್ಕೆ ನಾಲ್ಕು ಕಾಸು, ಊರಿಗೆ ಆರೋಗ್ಯ. ಜಾತ್ರೆ, ಮದುವೆ, ದಾಸೋಹಗಳಲ್ಲಿ ಸ್ಟೀಲಿನ ತಟ್ಟೆ ಲೋಟಗಳನ್ನು ಊರಿನ ಸಂಘವೇ ಇಟ್ಟು ಬಾಡಿಗೆಗೆ ಕೊಡಬಹುದು. ಮುತ್ತುಗದ ಪತ್ರಾವಳಿಯೂ ಇದೆ.

ಕೃಷಿ ವಿಶ್ವವಿದ್ಯಾಲಯಗಳಿಗೂ ಒಂದು ಮಾತು. ಚೀನಾದವರು ತಮ್ಮ ತಳಿಗಳನ್ನು, ಕೊರಿಯಾದವರು ತಮ್ಮ ಕಿಮ್ಚಿಯನ್ನು ಪರೀಕ್ಷೆಗೆ ಹಚ್ಚಿದ್ದಾರೆ. ನಮ್ಮ ಮಜ್ಜಿಗೆ, ಅಂಬಲಿ, ಇಡ್ಲಿ ಹಿಟ್ಟುಗಳ ಬ್ಯಾಕ್ಟೀರಿಯಾಗಳನ್ನು ಯಾರು ಪರೀಕ್ಷಿಸಬೇಕು? ಜೋಳದ ನಾರು ಪ್ಲಾಸ್ಟಿಕ್ ಕಣವನ್ನು ಹೊರಗೆ ಸಾಗಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇರೆ ದೇಶದಿಂದ ಬಾರದು, ಏಕೆಂದರೆ ಬಿಳಿಜೋಳದ ರೊಟ್ಟಿ ಅವರ ತಟ್ಟೆಯಲ್ಲಿಲ್ಲ. ಸೂಕ್ಷ್ಮಜೀವಿ ವಿಭಾಗ, ಆಹಾರ ವಿಭಾಗ, ಪಶುವೈದ್ಯ ವಿಭಾಗ ಕೂಡಿ ಇದನ್ನು ಕೈಗೆತ್ತಿಕೊಳ್ಳಬೇಕು. ಹಾಗೆಯೇ ಎರೆ ಭೂಮಿಯಲ್ಲಿ ಎಷ್ಟು ಆಳದವರೆಗೆ ಪ್ಲಾಸ್ಟಿಕ್ ಇಳಿದಿದೆ ಎಂದು ಮಣ್ಣು ಪರೀಕ್ಷೆಯ ಜೊತೆಗೇ ನೋಡಬೇಕು. ಆ ಉತ್ತರಗಳು ಬಂದಾಗ ಮೊದಲು ರೈತರಿಗೆ ತಲುಪಬೇಕು, ಗುಳಿಗೆಯ ವ್ಯಾಪಾರಿಗೆ ಅಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಇಂದಿನ ಕಾಲಕ್ಕೆ ಅದರ ಜೊತೆಗೆ, ಊಟ ಇಟ್ಟ ಪಾತ್ರೆಯನ್ನೂ ಬಲ್ಲವರಾಗಬೇಕು. ತಾವು ಈ ಹಂಗಾಮಿನಲ್ಲಿ ಮನೆಯ ಕಾಗದದ ಕಪ್ಪು, ಹೊಲದ ಹರಿದ ಹಾಳೆ, ಕಾಳು ತುಂಬಿದ ಹಳೆಯ ಗೊಬ್ಬರದ ಚೀಲ ಈ ಮೂರನ್ನು ಮಾತ್ರ ಹೊರಗೆ ಹಾಕಿ ನೋಡಿರಿ. ತಟ್ಟೆಯಲ್ಲಿ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆ ಇರಲಿ. ಉಳಿದದ್ದಕ್ಕೆ ವಿಜ್ಞಾನ ಮುಂದೆ ಬಂದಾಗ ನಾವು ಹದ ಮಾಡಿದ ಹೊಲದೊಂದಿಗೆ ಸಿದ್ಧವಾಗಿರುತ್ತೇವೆ.